ಪ್ರೋಟಾನಿನ ಸಾವಿಗೆ ಕಾದ ಕೋಲಾರ

ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮಾಸ್ತರರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿದವರು. ಯಾವ ಸೂತ್ರ ಒಪ್ಪಿಸಿದರೂ ಅದನ್ನು ಯಾರು, ಹೇಗೆ ಅಳೆದರೆಂದು ಕೇಳದೆ ಅವರು ಹುಡುಗರನ್ನು ಬಿಡುತ್ತಿರಲಿಲ್ಲ. ಇಂದಿನ ವಿಷಯವನ್ನೂ ಅಳತೆಯ ಕಡೆಯಿಂದಲೇ ನೋಡುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ.

ಪ್ರಕೃತಿಯ ಬಲಗಳ ಏಕೀಕರಣದ ಮೊದಲ ಪಾಠಗಳು ಪಠ್ಯಪುಸ್ತಕಗಳಲ್ಲೇ ಇವೆ. ಮ್ಯಾಕ್ಸ್‌ವೆಲ್ ವಿದ್ಯುತ್ತನ್ನೂ ಕಾಂತತ್ವವನ್ನೂ ಒಂದುಗೂಡಿಸಿದ. ಗ್ಲ್ಯಾಶೊ, ಸಲಾಂ, ವೈನ್‌ಬರ್ಗ್ ಅದಕ್ಕೆ ದುರ್ಬಲ ಬಲವನ್ನು ಸೇರಿಸಿದರು. ಗುರುತ್ವ ಇನ್ನೂ ಹೊರಗೇ ಇದೆ. 1974ರ ಹೊತ್ತಿಗೆ ಒಡಿಶಾದ ಜೋಗೇಶ್ ಪತಿ ಮತ್ತು ಸಲಾಂ ಒಂದು ಕಡೆ, ಜಾರ್ಜಿ ಮತ್ತು ಗ್ಲ್ಯಾಶೊ ಇನ್ನೊಂದು ಕಡೆ, ಪ್ರಬಲ ಬಲವನ್ನೂ ಕೂಡಿಸುವ ಸಿದ್ಧಾಂತಗಳನ್ನು ಮುಂದಿಟ್ಟರು. ಪ್ರೋಟಾನ್ ಅಮರವಲ್ಲ, ಎಂದಾದರೊಮ್ಮೆ ಒಡೆದೀತು ಎಂಬುದು ಅವುಗಳಿಂದ ಹೊರಟ ಮಾತು.

ಎಂದಾದರೊಮ್ಮೆ ಎಂದರೆ ಎಷ್ಟು ಕಾಲ? ಸರಳ ಲೆಕ್ಕದ ಪ್ರಕಾರ, ಹೆಚ್ಚೆಂದರೆ ಒಂದರ ಮುಂದೆ 31 ಸೊನ್ನೆ ಬರೆದಷ್ಟು ವರ್ಷ. ಒಂದು ಪ್ರೋಟಾನನ್ನು ಅಷ್ಟು ಕಾಲ ಕಾಯಲಾಗದು, ಆದರೆ ಬಹಳ ಪ್ರೋಟಾನುಗಳನ್ನು ಒಟ್ಟಿಗೆ ಕಾಯಬಹುದು. ಒಂದೇ ಲಿಂಬೆಕಾಯಿ ಉದುರುವುದನ್ನು ಕಾಯುತ್ತ ಕೂಡುವ ಬದಲು ಇಂಡಿಯ ತೋಟವನ್ನೆಲ್ಲ ಒಟ್ಟಿಗೆ ಕಣ್ಣಿಟ್ಟು ನೋಡಿದರೆ ದಿನಕ್ಕೊಂದಾದರೂ ಬಿದ್ದದ್ದು ಕಂಡೀತು. ಕೋಲಾರ ಚಿನ್ನದ ಗಣಿಯಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಮತ್ತು ಜಪಾನಿನ ಒಸಾಕಾದ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. 140 ಟನ್ ಕಬ್ಬಿಣ, ಅದರ ಹಲಗೆಗಳ ನಡುವೆ ಪದರ ಪದರವಾಗಿ ಸುಮಾರು 1,600 ಕೌಂಟರುಗಳು. 1980ರ ಕೊನೆಗೆ ಉಪಕರಣ ಕೆಲಸ ಆರಂಭಿಸಿತು. ಪ್ರೋಟಾನ್ ಕ್ಷಯವನ್ನೇ ಗುರಿಯಾಗಿಟ್ಟು ಕಟ್ಟಿದ ದೊಡ್ಡ ಉಪಕರಣಗಳಲ್ಲಿ ಮೊದಲು ಚಾಲೂ ಆದದ್ದು ನಮ್ಮ ನಾಡಿನ ಇದೇ.

1981ರಲ್ಲಿ ತಂಡ ಮೂರು ಘಟನೆಗಳನ್ನು ಪ್ರಕಟಿಸಿ, ಇವು ಪ್ರೋಟಾನ್ ಕ್ಷಯವಿರಬಹುದು ಎಂದಿತು. ಜಗಳ ಶುರುವಾದದ್ದು ಅಲ್ಲಿಂದ.

ಈ ಕುರಿತು ಎರಡು ಮಾತುಗಳು ಇಂದಿಗೂ ಓಡಾಡುತ್ತಿವೆ. ನಮ್ಮವರು ಕಂಡದ್ದನ್ನು ಪಶ್ಚಿಮದವರು ಒಪ್ಪಲಿಲ್ಲ ಎಂಬುದು ಒಂದು. ಇದು ಸಲ್ಲದು. ಉಪಕರಣ ಚಿಕ್ಕದು, ಅಂಚಿಗೆ ತಾಗಿದ ಜಾಡು ಒಳಗಿನಿಂದ ಹೊರಟಿತೋ ಹೊರಗಿನಿಂದ ನುಗ್ಗಿತೋ ಹೇಳುವುದು ಕಷ್ಟ. ಆ ಆಕ್ಷೇಪಕ್ಕೆ ಉತ್ತರವಾಗಿ ತಂಡ 1982ರಲ್ಲಿ ಪೂರ್ತಿ ಒಳಗೇ ಮುಗಿದ ಘಟನೆಗಳನ್ನು ತೋರಿಸಿತು. ಆದರೂ ನ್ಯೂಟ್ರಿನೊದ ಅನುಮಾನ ಉಳಿಯಿತು. ವಾತಾವರಣದಲ್ಲಿ ಹುಟ್ಟಿ ಬರುವ ಕಣಗಳಲ್ಲಿ ಮ್ಯುವಾನುಗಳನ್ನು ಮೇಲಿನ ಬಂಡೆ ತಡೆಯುತ್ತದೆ, ನ್ಯೂಟ್ರಿನೊಗಳನ್ನು ತಡೆಯದು. ಅಂಥದೊಂದು ನ್ಯೂಟ್ರಿನೊ ಕಬ್ಬಿಣದಲ್ಲಿ ಬಡಿದಾಗ ಏಳುವ ಜಾಡು ಪ್ರೋಟಾನ್ ಒಡೆದಂತೆಯೇ ಕಾಣಬಲ್ಲದು. ಬೆರಳೆಣಿಕೆಯ ಘಟನೆಗಳಿಂದ ಆ ಅನುಮಾನ ಹರಿಯುವುದಿಲ್ಲ.

ಎರಡನೆಯ ಮಾತು ಇನ್ನೂ ಬಿರುಸು: 1983ರಲ್ಲಿ ಅಮೆರಿಕದ ಓಹಾಯೊ ಉಪ್ಪಿನ ಗಣಿಯ ಜಲತೊಟ್ಟಿ ಕೋಲಾರವನ್ನು ಸುಳ್ಳೆಂದು ತೋರಿಸಿತು, ಆದ್ದರಿಂದ ಪ್ರಯೋಗ ವ್ಯರ್ಥ. ಇದನ್ನು ಉಪನ್ಯಾಸಕಾರ ಸುತರಾಂ ಒಪ್ಪುವುದಿಲ್ಲ. ಓಹಾಯೊ ತಂಡ ಆ ವರ್ಷ ಪ್ರಕಟಿಸಿದ ಆಯುಷ್ಯದ ಕನಿಷ್ಠ ಮಿತಿ ಪ್ರೋಟಾನ್ ಪಾಸಿಟ್ರಾನ್ ಮತ್ತು ಪಯಾನ್ ಆಗಿ ಒಡೆಯುವ ಒಂದೇ ಬಗೆಗೆ ಸೇರಿದ್ದು. ಅದು ಸರಳ ಸಿದ್ಧಾಂತವನ್ನು ಇಕ್ಕಟ್ಟಿಗೆ ತಂದಿತು, ನಿಜ. ಒಡೆಯುವ ಬಗೆಗಳೆಲ್ಲದರ ಮೇಲೂ ಅದೊಂದೇ ತೀರ್ಪಾಗಲಾರದು. ಪೂರ್ತಿ ಉತ್ತರಕ್ಕೆ ಜಪಾನಿನ ಜಲತೊಟ್ಟಿ ಕಮಿಯೊಕಾಂಡೆ, ಆಮೇಲೆ 1996ರಲ್ಲಿ 50,000 ಟನ್ ನೀರಿನ ಸೂಪರ್ ಕಮಿಯೊಕಾಂಡೆ ಬರಬೇಕಾಯಿತು. ಪಾಸಿಟ್ರಾನ್-ಪಯಾನ್ ಬಗೆಗೆ ಇಂದಿನ ಮಿತಿ 10ರ 34ನೇ ಘಾತ ವರ್ಷಗಳನ್ನೂ ದಾಟಿದೆ. ಪ್ರೋಟಾನ್ ಒಡೆದದ್ದನ್ನು ಈವರೆಗೆ ಯಾರೂ ದೃಢಪಡಿಸಿಲ್ಲ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಅಡ್ಡಿ ಎಂದು ಎಲ್ಲರೂ ಬೈದ ಆ ವಾತಾವರಣದ ನ್ಯೂಟ್ರಿನೊ ಮೊದಲು ಸಿಕ್ಕದ್ದು ಎಲ್ಲಿ? 1965ರಲ್ಲಿ ಇದೇ ಕೋಲಾರದಲ್ಲಿ ಮತ್ತು ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ. ಎರಡೂ ವರದಿಗಳು ಅದೇ ಆಗಸ್ಟಿನಲ್ಲಿ ಅಚ್ಚಾದವು. ಕೋಲಾರದ ತಂಡದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ಪ್ರೋಟಾನಿಗಾಗಿ ಕಟ್ಟಿದ ಜಪಾನಿನ ತೊಟ್ಟಿಯಲ್ಲಿ ಈ ನ್ಯೂಟ್ರಿನೊಗಳ ಲೆಕ್ಕವೇ ಕೂಡಿ ಬರಲಿಲ್ಲ. ದಾರಿಯಲ್ಲಿ ಅವು ಬಗೆ ಬದಲಿಸುತ್ತವೆ, ಅಂದರೆ ಅವಕ್ಕೆ ದ್ರವ್ಯರಾಶಿ ಇದೆ ಎಂದು 1998ರಲ್ಲಿ ಸಾಬೀತಾಯಿತು. 2015ರ ನೊಬೆಲ್ ಆ ತಂಡದ ಕಜಿಟಾ ಅವರಿಗೆ ಸಂದದ್ದು ಅದಕ್ಕೆ. ಆ ಅತ್ಯಲ್ಪ ದ್ರವ್ಯರಾಶಿಯೇ ಇಂದು ಮಹಾ ಏಕೀಕರಣದ ಕಡೆ ಕೈ ತೋರಿಸುವ ಅತಿ ಗಟ್ಟಿ ಸುಳಿವು ಎಂಬುದು ಉಪನ್ಯಾಸಕಾರನ ನಿಲುವು. ಮಾಸ್ತರರಿಗೆ ಈ ತಿರುವು ಬಹಳ ಇಷ್ಟವಾಗುತ್ತಿತ್ತು.

ಕೋಲಾರದ ಪ್ರಯೋಗ 1990ರ ದಶಕದ ಆರಂಭದಲ್ಲಿ ನಿಂತಿತು. 2001ರಲ್ಲಿ ಗಣಿಯೇ ಮುಚ್ಚಿತು. ಅಲ್ಲಿ ದುಡಿದ ನಬ ಮೊಂಡಲ್ ಮುಂದೆ ತಮಿಳುನಾಡಿನ ಥೇಣಿಯಲ್ಲಿ ಭಾರತದ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟುವ ಯೋಜನೆಯ ಮುಂದಾಳಾದರು. ಅಲ್ಲಿಗೂ ಗೊತ್ತುಮಾಡಿದ್ದು ಕಬ್ಬಿಣವೇ, 50,000 ಟನ್, ಕಾಂತಗೊಳಿಸಿದ್ದು. ಹಾಗೆ ಮಾಡಿದರೆ ಮ್ಯುವಾನಿನ ಜಾಡು ಬಾಗುವ ದಿಕ್ಕಿನಿಂದ, ಬಂದದ್ದು ನ್ಯೂಟ್ರಿನೊ ಆಗಿತ್ತೋ ಪ್ರತಿನ್ಯೂಟ್ರಿನೊ ಆಗಿತ್ತೋ ಎಂದು ಒಂದೊಂದನ್ನೂ ಬೇರ್ಪಡಿಸಬಹುದು. ಸಾದಾ ಜಲತೊಟ್ಟಿಗೆ ಇದು ಸುಲಭವಲ್ಲ. 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟರೂ ಸ್ಥಳೀಯರ ವಿರೋಧದಿಂದ ಕೆಲಸ ನಿಂತಿತು. ಬೆಟ್ಟ, ನೀರು, ಕಾಡಿನ ಬಗ್ಗೆ ಅವರೆತ್ತಿದ ಪ್ರಶ್ನೆಗಳಿಗೆ ಊರಿನ ಭಾಷೆಯಲ್ಲಿ, ಊರಿನಲ್ಲೇ ಕೂತು ಉತ್ತರಿಸುವ ಕೆಲಸ ವಿಜ್ಞಾನಿಗಳ ಪಾಲಿಗೆ ಇನ್ನೂ ಬಾಕಿ ಇದೆ.