ತಾಲೀಮಿಗೆ ವೇಳೆ ಬೇಕು



ಇದು ಕಂಠಸಂಗೀತ ಕಲಿಸುವವರ ಸಮ್ಮೇಳನ. ಧಾರವಾಡದಲ್ಲಿ ನಿಂತು ವಿಶ್ವವಿದ್ಯಾಲಯದ ಸಂಗೀತ ಪಾಠದ ಮಾತೆತ್ತಿದರೆ ಹಿಂದೂಸ್ತಾನಿ ಗಾಯಕಿ ಡಾ. ಗಂಗೂಬಾಯಿ ಹಾನಗಲ್ಲ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 1913ರಲ್ಲಿ ಇದೇ ಊರಲ್ಲಿ ಹುಟ್ಟಿದವರು ಅವರು. ಪ್ರಾಥಮಿಕ ಶಾಲೆಯಾಚೆ ಓದದ ಆ ತಾಯಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಗೌರವ ಪ್ರಾಧ್ಯಾಪಕರಾದರು. ಅದರಿಂದ ಹೆಚ್ಚಿದ್ದು ವಿಶ್ವವಿದ್ಯಾಲಯದ ಗೌರವ.

ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳಿಗೆ ಹಿಂದೂಸ್ತಾನಿ ಒಲಿದದ್ದು ಕಂಡು, ತಮ್ಮ ಪದ್ಧತಿಯ ನೆರಳು ಅವಳ ಹಾಡಿಕೆಯ ಮೇಲೆ ಬೀಳಬಾರದೆಂದು ತಾವೇ ಹಾಡುವುದನ್ನು ಬಿಟ್ಟರು. ಅಂಥ ತ್ಯಾಗ ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯ? ಕೃಷ್ಣಾಚಾರ್ಯ ಹುಲಗೂರ, ದತ್ತೋಪಂತ ದೇಸಾಯಿ ಅವರಲ್ಲಿ ಕಲಿತ ಮೇಲೆ ಗಂಗೂಬಾಯಿಯವರಿಗೆ ಕಿರಾಣಾ ಘರಾಣೆಯ ಸವಾಯಿ ಗಂಧರ್ವರ ತಾಲೀಮು ದೊರೆಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು, ಪಾಠ, ಮತ್ತೆ ರಾತ್ರಿ ರೈಲಿಗೆ ಮನೆ. ಗುರುಮನೆಯಲ್ಲಿದ್ದ ತರುಣ ಭೀಮಸೇನ ಜೋಶಿ ಸ್ಟೇಶನ್ನಿನವರೆಗೆ ಜೊತೆಗೆ ಬರುತ್ತಿದ್ದರು. ಗುರುಗಳು ಒಂದೊಂದೇ ಪಲುಕನ್ನು ತಿದ್ದಿ ತಿದ್ದಿ ಹಾಡಿಸುವರು. ಅದು ಗಂಟಲಲ್ಲಿ ಕೂರುವ ತನಕ ಮುಂದಿನದಿಲ್ಲ. ವರ್ಷಗಟ್ಟಲೆ ಹೀಗೆ ನಡೆದ ಕಲಿಕೆಯಿಂದ ಅವರ ವಿಲಂಬಿತ ಖಯಾಲಿಗೆ ಆ ಗಾಂಭೀರ್ಯ ಬಂತು.

ಈಗ ನಮ್ಮ ಪಠ್ಯಕ್ರಮ ನೋಡಿ. ಒಂದು ಸೆಮಿಸ್ಟರಿನಲ್ಲಿ ರಾಗದ ಹಿಂದೆ ರಾಗ ಓಡುತ್ತದೆ. ಆರೋಹ, ಅವರೋಹ, ಒಂದು ಚೀಜು, ನಾಲ್ಕು ತಾನ, ಪರೀಕ್ಷೆ. ಮಗು ರಾಗದ ಹೆಸರು ಕಲಿಯುತ್ತದೆ, ರಾಗ ಕಲಿಯುವುದಿಲ್ಲ. ಇದನ್ನು ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳಲೇಬೇಕು.

ಕಂಠದ ಮಾತನ್ನೂ ಹೇಳಬೇಕು. ಎಳೆಯ ವಯಸ್ಸಿನ ಗಂಗೂಬಾಯಿಯವರ ಗ್ರಾಮಫೋನ್ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಕೇಳುವುದು ತೆಳುವಾದ, ಎತ್ತರದ ದನಿ. ಗಂಟಲ ಬೇನೆಗೆ ಚಿಕಿತ್ಸೆಯಾದ ಮೇಲೆ ಆ ದನಿ ಇಳಿದು ಗಂಡುದನಿಯಂತಾಯಿತು. ಹಳೆಯ ದನಿಯನ್ನು ಬಲವಂತದಿಂದ ಎಳೆದು ತರಲು ಅವರು ಹೋಗಲಿಲ್ಲ. ಷಡ್ಜವನ್ನು ಹೊಸ ಗಂಟಲಿಗೆ ಹೊಂದಿಸಿಕೊಂಡರು. ಲೋಕ ತಲೆಬಾಗಿದ್ದು ಆ ದನಿಗೇ. ನಮ್ಮ ತರಗತಿಯಲ್ಲೋ ಹುಡುಗ ಹುಡುಗಿಯರೆಲ್ಲ ಒಂದೇ ಶ್ರುತಿಗೆ ಹಾಡುತ್ತಾರೆ. ಕೆಲವರು ತಾರದಲ್ಲಿ ಕಿರುಚುತ್ತಾರೆ, ಕೆಲವರ ಮಂದ್ರ ಕೇಳುವುದೇ ಇಲ್ಲ. ಬೆಳೆಯುವ ವಯಸ್ಸಿನ ಗಂಟಲಿಗೆ ಇದರಿಂದ ಆಗುವ ಪೆಟ್ಟು ದೊಡ್ಡದು. ಒಬ್ಬೊಬ್ಬರ ಷಡ್ಜ ಎಲ್ಲಿದೆ ಎಂದು ಹುಡುಕಿಕೊಡುವುದೇ ಅಧ್ಯಾಪಕರ ಮೊದಲ ಕೆಲಸ.

ಆ ಕೆಲಸ ಬಲ್ಲವರು ಸಾಧಾರಣವಾಗಿ ಕಚೇರಿ ಮಾಡಿ ಪಳಗಿದವರು. ಸ್ನಾತಕೋತ್ತರ ಪದವಿಯಿಲ್ಲದ ಕಲಾವಿದರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದೆ ಎನ್ನುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಯುಜಿಸಿಯ 2018ರ ನಿಯಮಗಳಲ್ಲೇ, ಹೆಸರಾಂತ ಗುರುಗಳಲ್ಲಿ ಕಲಿತ, ಆಕಾಶವಾಣಿಯ ‘ಎ’ ಶ್ರೇಣಿ ಪಡೆದ, ವಿಷಯವನ್ನು ವಿವರಿಸಿ ಹೇಳಬಲ್ಲ ಕಲಾವಿದರಿಗೆ ಅವಕಾಶವಿದೆ. ಆ ಕೊನೆಯ ಷರತ್ತೂ ನ್ಯಾಯವಾದದ್ದೇ. ಚೆನ್ನಾಗಿ ಹಾಡುವವರೆಲ್ಲ ಚೆನ್ನಾಗಿ ಕಲಿಸಲಾರರು.

ಇನ್ನು ವೇದಿಕೆಯ ಮೇಲಿನ ಕಲಿಕೆ. ಗಂಗೂಬಾಯಿಯವರ ಮಗಳು ಕೃಷ್ಣಾ ದಶಕಗಳ ಕಾಲ ವೇದಿಕೆಯಲ್ಲಿ ತಾಯಿಯ ಜೊತೆ ದನಿಗೂಡಿಸಿದರು. ತಂಬೂರಿ ಹಿಡಿದು ಗುರುವಿನ ಬೆನ್ನಿಗೆ ಕುಳಿತಾಗ ಸಿಗುವ ಪಾಠ ಯಾವ ಪ್ರಶ್ನೆಪತ್ರಿಕೆಯಲ್ಲೂ ಇಲ್ಲ. ಅದಕ್ಕೂ ಅಂಕ ಕೊಡಲು ನಮಗೇನು ಅಡ್ಡಿ?

ಈ ಸಮ್ಮೇಳನ ಮುಗಿಯುವ ಮುನ್ನ ಒಂದು ನಿರ್ಣಯವಾಗಲಿ: ಪದವಿ ತರಗತಿಗಳಲ್ಲಿ ರಾಗಗಳ ಸಂಖ್ಯೆ ಅರ್ಧಕ್ಕಿಳಿಯಲಿ, ಪ್ರತಿ ವಿದ್ಯಾರ್ಥಿಗೂ ವಾರಕ್ಕೊಮ್ಮೆಯಾದರೂ ಒಂಟಿಯಾಗಿ ತಾಲೀಮು ಸಿಗಲಿ. ನಿರ್ಣಯದ ಪ್ರತಿಯನ್ನು ನಿಮ್ಮ ನಿಮ್ಮ ಅಧ್ಯಯನ ಮಂಡಳಿಗಳಿಗೆ ನೀವೇ ಒಯ್ದು, ಕೂತು ವಾದಿಸಿ ಒಪ್ಪಿಸಬೇಕೆಂದು ಕೈಮುಗಿದು ಕೇಳುತ್ತೇನೆ.