ಬ್ಯಾಟರಿ ಗರಗಸ ಕೊಳ್ಳುವ ಮುಂಚೆ

ಇಡೀ ಆಯುಷ್ಯ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ಮನುಷ್ಯ ಗರಗಸದ ಬಗ್ಗೆ ಏನು ಹೇಳಿಯಾನು ಎಂದು ನಿಮಗೆ ಅನಿಸಬಹುದು. ಗರಗಸ ಹಿಡಿದು ಹೊಟ್ಟೆ ಹೊರೆದವನು ನಾನಲ್ಲ, ನಿಜ. ಆದರೆ ಗರಗಸ ಕೊಳ್ಳಲು ಸಾಲ ಕೇಳಿ ಬಂದವರ ಅರ್ಜಿ ತುಂಬಿಕೊಟ್ಟವನು, ಅವರ ಕಂತು ಬರೆದುಕೊಂಡವನು. ಐ.ಆರ್.ಡಿ.ಪಿ. ಕಾಲದಲ್ಲಿ ಉಳಿ, ಬಾಚಿ, ರಂಧಾ ಕೊಂಡವರನ್ನು ಕಂಡಿದ್ದೇನೆ. 1992ರಲ್ಲಿ ಗ್ರಾಮೀಣ ಕುಶಲಕರ್ಮಿಗಳಿಗೆ ಸುಧಾರಿತ ಉಪಕರಣ ಕೊಡುವ ಯೋಜನೆ ಬಂತು, ಅದನ್ನೂ ಕಂಡೆ. 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಶುರುವಾಯಿತು. ಬಡಿಗರೂ ಸೇರಿ 18 ಕಸುಬಿನವರಿಗೆ ಅದರಲ್ಲಿ ಉಪಕರಣಕ್ಕೆಂದು 15,000 ರೂಪಾಯಿವರೆಗೆ ವೋಚರ್ ಇದೆ. ಮೊದಲ ಸಲಕ್ಕೆ 1 ಲಕ್ಷ ರೂಪಾಯಿವರೆಗೆ ಶೇಕಡಾ 5ರ ಬಡ್ಡಿಯಲ್ಲಿ, 18 ತಿಂಗಳ ಅವಧಿಗೆ, ಸಾಲವೂ ಇದೆ. ಹೀಗಾಗಿ ನಿವೃತ್ತನಾದ ಮೇಲೂ ಗಡಹಿಂಗ್ಲಜದ ನಮ್ಮ ಓಣಿಯ ಹುಡುಗರು ಕಾಗದ ಹಿಡಿದುಕೊಂಡು ಕಟ್ಟೆಗೆ ಬರುತ್ತಾರೆ. ಇತ್ತೀಚೆಗೆ ಅವರೆಲ್ಲರದೂ ಒಂದೇ ಪ್ರಶ್ನೆ: "ಕಾಕಾ, ಬ್ಯಾಟರಿ ಕಟರ್ ತಗೋಬೇಕಂತೀನಿ. ಯಾವ ಕಂಪನೀದು ಚಲೋ?"

ಕಂಪನಿಯ ಹೆಸರು ಹೇಳುವುದು ಸುಲಭ. ಅದಕ್ಕೂ ಮುಂಚೆ ಕೇಳಬೇಕಾದ ಎರಡು ಮೂರು ಮಾತುಗಳಿವೆ.

ಗಾಲಿಯಂತೆ ತಿರುಗುವ ಈ ಕೈಗರಗಸ ಹುಟ್ಟಿದ ಕಥೆ ನಮ್ಮ ಕಬ್ಬಿನ ಸೀಮೆಯವರಿಗೆ ಹಿಡಿಸುವಂಥದು. ಅಮೆರಿಕದ ನ್ಯೂ ಆರ್ಲಿಯನ್ಸ್ ಭಾಗದಲ್ಲಿ ಎಡ್ಮಂಡ್ ಮಿಶೆಲ್ ಎಂಬಾತನಿದ್ದ. 1920ರ ಆಚೀಚೆ ಆಳುಗಳು ಕೊಯ್ತಾದಿಂದ ಕಬ್ಬು ಕಡಿಯುವುದನ್ನು ನೋಡಿ, ಕೊಯ್ತಾಕ್ಕೆ ಮೋಟಾರು ಕೂಡಿಸಿದರೆ ಹೇಗೆ ಎಂದು ಯೋಚಿಸಿದ. ಕಬ್ಬಿನಲ್ಲಿ ಅದು ನಡೆಯಲಿಲ್ಲ. ಅದೇ ವಿಚಾರವನ್ನು ಕಟ್ಟಿಗೆಗೆ ತಿರುಗಿಸಿದಾಗ ಕೈಯಲ್ಲಿ ಹಿಡಿಯುವ ವಿದ್ಯುತ್ ಗರಗಸ ಬಂತು. 1924ರಲ್ಲಿ ಆತ ಇನ್ನೊಬ್ಬನ ಜೊತೆ ಸೇರಿ ಕಂಪನಿ ತೆಗೆದ, ಅದೇ ಮುಂದೆ ಸ್ಕಿಲ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇತ್ತ ಬೀಡ ಜಿಲ್ಲೆಯಿಂದ ನಮ್ಮ ಫಡಕ್ಕೆ ಬರುವ ಟೋಳಿಗಳ ಕೈಯಲ್ಲಿ ಕೊಯ್ತಾ ಕೊಯ್ತಾವಾಗಿಯೇ ಉಳಿದಿದೆ. ಅದಿರಲಿ.

ಆ ಗರಗಸಕ್ಕೆ ನೂರು ವರ್ಷವಾದರೂ ನಮ್ಮ ಕಡೆಯ ಬಡಿಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಅದಲ್ಲ. ಫರಶಿ ಕೊಯ್ಯಲೆಂದು ಮಾಡಿದ 4 ಇಂಚಿನ ಮಾರ್ಬಲ್ ಕಟರಿಗೆ ಕಟ್ಟಿಗೆಯ ಬ್ಲೇಡ್ ಹಾಕಿ ಕೆಲಸ ತೆಗೆಯುತ್ತಾರೆ. ಅದು ಅಗ್ಗ, ಹಗುರ, ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ನಿಮಿಷಕ್ಕೆ 12,000 ಸುತ್ತಿನ ಮೇಲೆ ತಿರುಗುವ ಆ ಯಂತ್ರಕ್ಕೆ, ಹಲಗೆಯಿಂದ ಹೊರಗೆ ಬಂದ ಕೂಡಲೇ ಬ್ಲೇಡನ್ನು ತಾನಾಗಿ ಮುಚ್ಚುವ ಸ್ಪ್ರಿಂಗ್ ಕವಚ ಇರುವುದಿಲ್ಲ. ಇನ್ನು ಕೆಲವರು ಗ್ರೈಂಡರಿಗೇ ಹಲ್ಲಿನ ಬ್ಲೇಡ್ ಕೂಡಿಸುತ್ತಾರೆ, ಅದು ಇದಕ್ಕಿಂತ ಕೆಟ್ಟದ್ದು.

ನಾನು ಕೌಂಟರಿನಲ್ಲಿದ್ದಾಗ ಒಬ್ಬ ಬಡಿಗ ತನ್ನ ಖಾತೆಯ ಸಹಿ ಬದಲಾಯಿಸಲು ಬಂದಿದ್ದ. ಹಳೆಯ ಕಾರ್ಡಿನಲ್ಲಿ ಮೋಡಿ ಹೊಡೆದಂಥ ಚೆಂದದ ಸಹಿ. ಈಗ ಪೆನ್ನು ಹಿಡಿಯಲು ಬಲಗೈಯ ತೋರುಬೆರಳೂ ನಡುಬೆರಳೂ ಇರಲಿಲ್ಲ. ಗ್ರೈಂಡರಿನ ಕೆಲಸ. ಎಡಗೈಯಲ್ಲಿ ಮೂರು ಸಲ ಬರೆದ, ಮೂರೂ ಬೇರೆ ಬೇರೆಯಾಗಿ ಬಂದವು. ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಸಾಕ್ಷಿ ಹಾಕಿಸಿದೆವು. ಆ ಗ್ರೈಂಡರ್ ಕೊಂಡ ಸಾಲದ ಕಂತು ಇನ್ನೂ ಏಳು ಉಳಿದಿದ್ದವು. ಯಂತ್ರದ ಬೆಲೆ ಕೇಳಿ ಯಾರಾದರೂ "ಅಷ್ಟ್ಯಾಕ ಕೊಡಬೇಕು?" ಎಂದಾಗ ನನಗೆ ಆ ಸಹಿ ಕಾರ್ಡು ನೆನಪಾಗುತ್ತದೆ.

ಹಾಗಾದರೆ ಬ್ಯಾಟರಿಯ ಗರಗಸ ಎಲ್ಲರಿಗೂ ಬೇಕೇ? ಬೇಡ ಎಂಬುದೇ ನನ್ನ ಅಭಿಪ್ರಾಯ. ವಖಾರದ ಪಕ್ಕದಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡು, ಅಲ್ಲಿಯೇ ಬಾಗಿಲು, ಮಂಚ, ಕಪಾಟು ಮಾಡುವವರಿಗೆ ವಾಯರಿನ ಗರಗಸವೇ ಒಳ್ಳೆಯದು. 7 ಇಂಚಿನ ಬ್ಲೇಡಿನ ವಾಯರಿನ ಯಂತ್ರ ಬ್ಯಾಟರಿಯದಕ್ಕಿಂತ ಬಹಳ ಅಗ್ಗ, ಇಡೀ ದಿನ ದಣಿಯುವುದಿಲ್ಲ. ಇನ್ನೊಂದು ಅನುಕೂಲ ನಮ್ಮ ಕೊಲ್ಹಾಪುರ, ಇಚಲಕರಂಜಿಯವರಿಗೆ ವಿಶೇಷವಾಗಿ ಇದೆ. ಮಗ್ಗದ ಊರಾದ ಇಚಲಕರಂಜಿಯಲ್ಲಿ ಮೋಟಾರು ವೈಂಡಿಂಗ್ ಮಾಡುವವರಿಗೆ ಬರವಿಲ್ಲ, ಕೊಲ್ಹಾಪುರದ ಉದ್ಯಮನಗರದಲ್ಲಿಯೂ ಇಲ್ಲ. ಕಾರ್ಬನ್ ಸವೆದರೆ ಹೊಸದು ಹಾಕುತ್ತಾರೆ, ಆರ್ಮೇಚರ್ ಸುಟ್ಟರೆ ಸುತ್ತಿಕೊಡುತ್ತಾರೆ.

ಬ್ಯಾಟರಿಯ ಗರಗಸ ಬೇಕಾದದ್ದು ಊರೂರು ತಿರುಗುವವನಿಗೆ. ಹೊಸ ಮನೆಗೆ ಕರೆಂಟ್ ಬಂದಿರುವುದಿಲ್ಲ. ಹೊಲದಲ್ಲಿ ಶೆಡ್ ಹಾಕಬೇಕು. ಮಾಳಿಗೆಯ ಮೇಲೆ ಏರಿ ತೊಲೆ ಕತ್ತರಿಸಬೇಕು, ಅಲ್ಲಿ ಕಾಲಿಗೆ ತೊಡರುವ ವಾಯರೇ ಅಪಾಯ. 2005ರ ನಂತರದ ಕೆಲವು ವರ್ಷ ನಮ್ಮ ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗ್ ಹೇಗಿತ್ತೆಂಬುದು ನಿಮಗೆ ಗೊತ್ತು. ಅದು ಹೋಯಿತೆನ್ನುವಾಗ 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಮಹಾಪೂರ ಬಂತು. ನೀರು ಇಳಿದ ಮೇಲೆ ಬಾತುಕೊಂಡ ಬಾಗಿಲು ಚೌಕಟ್ಟುಗಳನ್ನು ಸರಿಮಾಡಬೇಕೆಂದರೆ ಹಸಿ ಗೋಡೆಯ ಪ್ಲಗ್ಗಿಗೆ ಕೈಹಚ್ಚಲು ಹೆದರಿಕೆ. ಅಂಥ ಕಡೆ ಬ್ಯಾಟರಿಯೇ ಸರಿ.

ಇನ್ನು ಯಂತ್ರಗಳ ಹೋಲಿಕೆ. ಅಂಗಡಿಗೆ ಹೋದರೆ ಮೊದಲು ತಲೆ ಕೆಡಿಸುವುದು ವೋಲ್ಟ್. ಮಕೀಟಾ, ಬಾಷ್ ಡಬ್ಬಿಗಳ ಮೇಲೆ 18 ಎಂದಿರುತ್ತದೆ. ಡಿವಾಲ್ಟ್‌ನ ಮೇಲೆ 20 ಮ್ಯಾಕ್ಸ್ ಎಂದಿರುತ್ತದೆ. ಇಂಗ್ಕೋ, ಟೋಟಲ್ ಮುಂತಾದವೂ 20 ಎನ್ನುತ್ತವೆ. 20 ಎಂದರೆ 18ಕ್ಕಿಂತ ಜೋರಾದದ್ದು ಎಂದು ನಮ್ಮ ಹುಡುಗರು ತಿಳಿಯುತ್ತಾರೆ. ಹಾಗಲ್ಲ. ಎರಡರಲ್ಲಿಯೂ ಒಂದರ ಮುಂದೊಂದು ಐದು ಲಿಥಿಯಂ ಸೆಲ್ಲುಗಳೇ ಇರುವುದು. ಪೂರ್ತಿ ಚಾರ್ಜಾದಾಗ ಸೆಲ್ಲಿಗೆ 4ರಂತೆ ಲೆಕ್ಕ ಹಿಡಿದರೆ 20, ಕೆಲಸ ಮಾಡುವಾಗಿನ 3.6ರಂತೆ ಹಿಡಿದರೆ 18. ಒಬ್ಬ ತನ್ನ ಸಂಬಳವನ್ನು ಕಡಿತದ ಮುಂಚಿನದು ಹೇಳುತ್ತಾನೆ, ಇನ್ನೊಬ್ಬ ಕೈಗೆ ಬಂದದ್ದು ಹೇಳುತ್ತಾನೆ, ಅಷ್ಟೇ ಭೇದ.

ನೋಡಬೇಕಾದದ್ದು ಆಂಪಿಯರ್ ಅವರ್. 18 ವೋಲ್ಟಿನ 5 ಆಂಪಿಯರ್ ಅವರ್ ಬ್ಯಾಟರಿ ಎಂದರೆ 90 ವ್ಯಾಟ್ ಅವರ್. ಗಟ್ಟಿ ಕಟ್ಟಿಗೆಯಲ್ಲಿ ಗರಗಸ 600 ವ್ಯಾಟ್ ಎಳೆಯುತ್ತದೆಂದು ಹಿಡಿಯಿರಿ. 90ನ್ನು 600ರಿಂದ ಭಾಗಿಸಿದರೆ ಒಂದು ತಾಸಿನ 0.15 ಭಾಗ, ಅಂದರೆ 9 ನಿಮಿಷ. ಒಂಬತ್ತೇ ನಿಮಿಷವೇ ಎಂದು ಗಾಬರಿಯಾಗಬೇಡಿ. ಅದು ಬಿಡದೆ ಕೊಯ್ದಾಗಿನ ಲೆಕ್ಕ. ಅಳತೆ, ಗುರುತು, ಹಲಗೆ ಹೊರಳಿಸುವುದು ಇವೆಲ್ಲದರ ನಡುವೆ ಬ್ಲೇಡ್ ತಿರುಗುವುದು ಸ್ವಲ್ಪ ಹೊತ್ತು. 8 ಅಡಿಯ ಪ್ಲೈವುಡ್ ಉದ್ದಕ್ಕೆ ಸೀಳಲು ಅರ್ಧ ನಿಮಿಷ ಹಿಡಿದರೂ ಹದಿನೆಂಟು ಸೀಳು ಆಯಿತು. ಪ್ಲೈ ಮೆತ್ತಗಿದ್ದರೆ ಇನ್ನೂ ಹೆಚ್ಚು. ಆದರೆ 2 ಆಂಪಿಯರ್ ಅವರ್‌ನ ಸಣ್ಣ ಬ್ಯಾಟರಿ ಕೊಟ್ಟು ಅಗ್ಗ ಮಾಡಿದ ಸೆಟ್ ಡ್ರಿಲ್ಲಿಗೆ ನಡೆದೀತು, ಗರಗಸಕ್ಕೆ ಸಾಲದು. 5ರದು ಎರಡು ಬೇಕು. ಒಂದು ಕೆಲಸದಲ್ಲಿ, ಒಂದು ಚಾರ್ಜಿಗೆ.

ಎರಡನೆಯದು ಬ್ಲೇಡಿನ ಅಳತೆ. 165 ಮಿಲಿಮೀಟರ್ ಬ್ಲೇಡಿನ ಯಂತ್ರ ನೆಟ್ಟಗೆ 57 ಮಿಲಿಮೀಟರ್ ಆಳ ಕೊಯ್ಯುತ್ತದೆ. ಮಕೀಟಾದ ಡಿ.ಎಚ್.ಎಸ್. 680, ಡಿ.ಎಸ್.ಎಸ್. 611, ಬಾಷ್‌ನ ಜಿ.ಕೆ.ಎಸ್. 18ವಿ-57 ಮೂರೂ ಇದೇ ವರ್ಗದವು. ಬಾಷ್‌ನದಂತೂ ಹೆಸರಿನಲ್ಲಿಯೇ ಆಳ ಬರೆದುಕೊಂಡಿದೆ. ಡಿವಾಲ್ಟ್‌ನ ಡಿ.ಸಿ.ಎಸ್. 570 ಸ್ವಲ್ಪ ದೊಡ್ಡದು, 184ರ ಬ್ಲೇಡು, 64 ಮಿಲಿಮೀಟರ್ ಆಳ. ನಮ್ಮ ಚೌಕಟ್ಟಿನ ತುಂಡು ಎರಡೂವರೆ ಇಂಚು, ಅಂದರೆ 63 ಮಿಲಿಮೀಟರ್ ಮೇಲೆ. 57ರದು ಅದನ್ನು ಒಂದೇ ಏಟಿಗೆ ದಾಟುವುದಿಲ್ಲ, ಹೊರಳಿಸಿ ಎರಡು ಸಲ ಕೊಯ್ಯಬೇಕು. ಚೌಕಟ್ಟಿನ ಕೆಲಸವೇ ಹೆಚ್ಚಿರುವವರು ದೊಡ್ಡದನ್ನು ನೋಡಿ. ಪ್ಲೈವುಡ್, ಬ್ಲಾಕ್ ಬೋರ್ಡಿನವರಿಗೆ ಅದರ ಭಾರ ಸುಮ್ಮನೆ ಕೈನೋವು. 136ರ ಸಣ್ಣ ಬ್ಲೇಡಿನದೂ ಸಿಗುತ್ತದೆ, ಫರ್ನಿಚರಿನವರು ಒಮ್ಮೆ ಹಿಡಿದು ನೋಡಬಹುದು.

ಮೂರನೆಯದು ಮೋಟಾರು. ಡಿ.ಎಸ್.ಎಸ್. 611 ಕಾರ್ಬನ್ ಬ್ರಷ್ಷಿನದು, ನಿಮಿಷಕ್ಕೆ 3,700 ಸುತ್ತು. ಡಿ.ಎಚ್.ಎಸ್. 680 ಬ್ರಷ್‌ಲೆಸ್, 5,000 ಸುತ್ತು. ಬ್ರಷ್‌ಲೆಸ್ ಮೋಟಾರಿನಲ್ಲಿ ಉಜ್ಜಿ ಸವೆಯುವ ಭಾಗವಿಲ್ಲ, ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ ಬರುತ್ತದೆ. ಆದರೆ ಕೆಟ್ಟರೆ ಅದರೊಳಗಿನ ಇಲೆಕ್ಟ್ರಾನಿಕ್ ಬೋರ್ಡನ್ನು ಇಚಲಕರಂಜಿಯ ವೈಂಡಿಂಗಿನವನು ಮುಟ್ಟುವುದಿಲ್ಲ, ಕಂಪನಿಯ ಸರ್ವಿಸಿಗೇ ಕಳಿಸಬೇಕು. ಗಡಹಿಂಗ್ಲಜದಿಂದ ಕೊಲ್ಹಾಪುರ ಸುಮಾರು 70 ಕಿಲೋಮೀಟರ್. ಹೋಗಿ ಬರುವ ಖರ್ಚು, ಯಂತ್ರವಿಲ್ಲದೆ ಖಾಲಿ ಕೂತ ದಿನದ ಪಗಾರು ಇವೆರಡನ್ನೂ ಬೆಲೆಗೆ ಕೂಡಿಸಿ. ಆದ್ದರಿಂದ ಕೊಳ್ಳುವ ಮುಂಚೆ "ಕೆಟ್ಟರ ಎಲ್ಲಿ ಕೊಡಬೇಕು, ಎಷ್ಟು ದಿನಕ್ಕ ಬರತೈತಿ?" ಎಂದು ಅಂಗಡಿಯವನನ್ನು ಕೇಳಿ. ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದ ಮೇಲೆ ಬೆಳಗಾವಿಯಲ್ಲಿ ಕೊಂಡರೂ ಕೊಲ್ಹಾಪುರದಲ್ಲಿ ಕೊಂಡರೂ ತೆರಿಗೆ ಒಂದೇ. ಸರ್ವಿಸ್ ಎಲ್ಲಿ ಹತ್ತಿರವೋ ಅಲ್ಲಿ ಕೊಳ್ಳಿ. ಪಕ್ಕಾ ಬಿಲ್ಲು ತೆಗೆದುಕೊಳ್ಳಿ, ಅದಿಲ್ಲದೆ ವಾರಂಟಿ ಎಂಬುದು ಬರೀ ಮಾತು.

ಈಗ ಹುಡುಗರ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಚೀಲದಲ್ಲಿ ಈಗಾಗಲೇ ಯಾವ ಕಂಪನಿಯ ಬ್ಯಾಟರಿ ಡ್ರಿಲ್ ಇದೆಯೋ ಅದೇ ಕಂಪನಿಯ, ಅದೇ ಬ್ಯಾಟರಿ ಕೂಡುವ ಗರಗಸ ತೆಗೆದುಕೊಳ್ಳಿ. ಎರಡು ದೊಡ್ಡ ಬ್ಯಾಟರಿ ಮತ್ತು ಚಾರ್ಜರಿನ ಬೆಲೆ ಕೂಡಿಸಿದರೆ ಅನೇಕ ಸಲ ಬರೀ ಯಂತ್ರದ ಬೆಲೆಗೇ ಸಮ ಬರುತ್ತದೆ. ಒಂದರ ಬ್ಯಾಟರಿ ಇನ್ನೊಂದು ಕಂಪನಿಗೆ ಕೂಡುವುದಿಲ್ಲ. ನೀವು ಸಂಬಂಧ ಬೆಳೆಸುವುದು ಗರಗಸದ ಜೊತೆ ಅಲ್ಲ, ಬ್ಯಾಟರಿಯ ಮನೆತನದ ಜೊತೆ. ಏನೂ ಇಲ್ಲದವರು, ತಿರುಗಾಟದ ಕೆಲಸದವರು, 165ರ ಬ್ರಷ್‌ಲೆಸ್ ಯಂತ್ರ ನೋಡಿ. ಮಕೀಟಾವೋ ಬಾಷೋ ಎಂಬುದನ್ನು ಸರ್ವಿಸಿನ ದೂರ ನಿರ್ಣಯಿಸಲಿ.

ಸಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 1 ಲಕ್ಷ, ಶೇಕಡಾ 5, 18 ಕಂತು ಎಂದರೆ ತಿಂಗಳಿಗೆ ಸುಮಾರು 5,780 ರೂಪಾಯಿ. ಅದರಲ್ಲಿ ಕಾಲುಭಾಗವನ್ನು ಗರಗಸಕ್ಕೆ ಹಾಕಿದಿರಿ ಅನ್ನಿ, ಗರಗಸದ ಪಾಲು 1,445. ಈ ಯಂತ್ರದಿಂದ ತಿಂಗಳಿಗೆ ಎರಡು ದಿನದ ಕೆಲಸವಾದರೂ ಹೆಚ್ಚು ಬರುತ್ತದೆಯೇ? ಬಂದರೆ ಕೊಳ್ಳಿ. ಇಲ್ಲವಾದರೆ ಶೇಕಡಾ 5ರ ಬಡ್ಡಿಯೂ ತುಟ್ಟಿಯೇ. ಬ್ಯಾಟರಿ ಸವೆಯುವ ಮಾಲು ಎಂಬುದನ್ನು ಮರೆಯಬೇಡಿ. ದಿನಾ ದುಡಿಸಿದರೆ ಕೆಲವು ವರ್ಷಕ್ಕೆ ಬದಲಾಯಿಸಬೇಕು, ಅದಕ್ಕೊಂದಿಷ್ಟು ಬದಿಗಿಡಬೇಕು. ಸಾಲ ಸಿಗುತ್ತದೆಂದು ಯಂತ್ರ ಕೊಂಡವರ ಖಾತೆಗಳನ್ನೂ, ಕೆಲಸ ಸಿಗುತ್ತದೆಂದು ಕೊಂಡವರ ಖಾತೆಗಳನ್ನೂ ನಾನು ನೋಡಿದ್ದೇನೆ. ಲೆಜರಿನ ಪುಟ ತೆರೆದರೆ ಸಾಕು, ಯಾವುದು ಯಾರದೆಂದು ಗೊತ್ತಾಗುತ್ತಿತ್ತು.

ಕೊಂಡ ಮೇಲಿನ ಮಾತು. ಯಂತ್ರದ ಜೊತೆ ಬರುವ ಪುಸ್ತಕ ಕನ್ನಡದಲ್ಲಿ ಇದ್ದದ್ದನ್ನು ನಾನಂತೂ ಕಂಡಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಬ್ಲೇಡ್ ಹಲಗೆಯ ಕೆಳಗೆ ಹಲ್ಲಿನಷ್ಟು ಮಾತ್ರ, 5-6 ಮಿಲಿಮೀಟರ್, ಹೊರಗೆ ಬರುವಂತೆ ಆಳ ಕೂಡಿಸಿ. ಸೀಳುವಾಗ ಹಲಗೆ ನಡುವೆ ಬಾಗಿ ಸೀಳು ಮುಚ್ಚಿಕೊಂಡರೆ ಬ್ಲೇಡು ಸಿಕ್ಕಿಬಿದ್ದು ಯಂತ್ರ ನಿಮ್ಮ ಕಡೆಗೇ ಹಾರುತ್ತದೆ. ಆದ್ದರಿಂದ ಸೀಳಿನ ಎರಡೂ ಬದಿಗೆ ಆಧಾರ ಕೊಡಿ, ಬ್ಲೇಡಿನ ನೇರಕ್ಕೆ ಹಿಂದೆ ನಿಲ್ಲಬೇಡಿ. ಹಸಿ ಜಾಲಿಯಲ್ಲಿ ಈ ಭಯ ಇನ್ನೂ ಹೆಚ್ಚು. ಕೆಳಗಿನ ಕವಚ ಅಡ್ಡ ಬರುತ್ತದೆಂದು ಬೆಣೆ ಹೊಡೆದು ಮೇಲೆ ನಿಲ್ಲಿಸುವವರಿದ್ದಾರೆ, ಹಾಗೆ ಮಾಡುವುದಾದರೆ ಮಾರ್ಬಲ್ ಕಟರೇ ಸಾಕಿತ್ತಲ್ಲ! ಬ್ಲೇಡ್ ಬಿಚ್ಚುವಾಗ ಮೊದಲು ಬ್ಯಾಟರಿ ತೆಗೆಯಿರಿ. ವಾಯರ್ ಕಾಣದೆ ಇರುವುದರಿಂದ ಇದು ಮರೆತುಹೋಗುತ್ತದೆ. ಸಾಗವಾನಿ ಸೀಳಲು 24 ಹಲ್ಲಿನ ಬ್ಲೇಡ್, ಪ್ಲೈ ಮತ್ತು ಸನ್‌ಮೈಕಾಕ್ಕೆ 40 ಅಥವಾ ಹೆಚ್ಚು. ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಚೆಕ್ಕೆ ಏಳುವುದು ಮೇಲಿನ ಮುಖಕ್ಕೆ, ಹಾಗಾಗಿ ಚೆಂದದ ಮುಖ ಕೆಳಗಿರಲಿ. ಬ್ಲೇಡ್ ತರುವಾಗ ನಡುವಿನ ತೂತಿನ ಅಳತೆಯನ್ನೂ ಹೇಳಿ ತನ್ನಿ, ಎಲ್ಲ ಕಂಪನಿಯದೂ ಒಂದೇ ಇರುವುದಿಲ್ಲ.

ಬ್ಯಾಟರಿಯನ್ನು ಕೆಲಸ ಮುಗಿದ ಕೂಡಲೇ ಬಿಸಿ ಇದ್ದಾಗಲೇ ಚಾರ್ಜಿಗೆ ಹಾಕಬೇಡಿ, ಆರಲು ಬಿಡಿ. ಏಪ್ರಿಲ್ ಬಿಸಿಲಲ್ಲಿ ಗಾಡಿಯ ಡಿಕ್ಕಿಯಲ್ಲಿ ಬಿಡಬೇಡಿ. ಆಜರಾ, ಚಂದಗಡದ ಕಡೆ ಮಳೆಗಾಲ ಇಡೀ ಹೊರಗಿನ ಕೆಲಸ ನಿಲ್ಲುತ್ತದೆ. ಆಗ ಅರ್ಧ ಚಾರ್ಜ್ ಇಟ್ಟು, ಒಣಗಿದ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಮಾಡದಲ್ಲಿ ಇಡಿ. ನಾಗರಪಂಚಮಿ ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ, ಇಳಿದಿದ್ದರೆ ಸ್ವಲ್ಪ ಚಾರ್ಜ್ ಕೊಟ್ಟು ಮತ್ತೆ ಇಡಿ.