ಕೂಗಿಗೆ ಲೆಕ್ಕವಿಲ್ಲ

ಮಸೂದೆ ಮತಕ್ಕೆ ಬಂದಾಗ ಪೀಠ ಮೊದಲು ಕೇಳುವುದು ‘ಹೌದು’, ‘ಇಲ್ಲ’ ಎಂಬ ಕೂಗನ್ನು. ಅದೇ ಧ್ವನಿಮತ. ಅಲ್ಲಿ ತಲೆ ಎಣಿಕೆಯಿಲ್ಲ, ಹೆಸರಿನ ದಾಖಲೆಯಿಲ್ಲ. ಪೀಠದ ತೀರ್ಮಾನವನ್ನು ಒಪ್ಪದ ಸದಸ್ಯರು ಮತ ವಿಭಜನೆ ಕೇಳಬಹುದು. ಆಗ ಮತ ಎಣಿಸುತ್ತಾರೆ.

ಕೃಷಿಕರಲ್ಲದವರೂ ಹೊಲ ಕೊಳ್ಳಲು ದಾರಿ ತೆರೆದ ಭೂಸುಧಾರಣಾ ತಿದ್ದುಪಡಿ 2020ರ ಡಿಸೆಂಬರ್ 8ರಂದು ವಿಧಾನ ಪರಿಷತ್ತಿನಲ್ಲಿ 37–21 ಮತಗಳಿಂದ ಗೆದ್ದಿತು. ಎರಡೇ ತಿಂಗಳ ಬಳಿಕ, 2021ರ ಫೆಬ್ರುವರಿ 8ರಂದು, ಅದೇ ಸದನದಲ್ಲಿ ಗೋಹತ್ಯೆ ನಿಷೇಧ ಮಸೂದೆ ಗದ್ದಲದ ನಡುವೆ ಧ್ವನಿಮತದಿಂದ ಪಾಸಾಯಿತು. ಪರ ಎಷ್ಟು, ವಿರೋಧ ಎಷ್ಟು? ಅಂಕಿಯೇ ಇಲ್ಲ.

ಬೆಂಗಳೂರಿನ ಮಗ್ಗುಲಲ್ಲಿರುವ ನಮ್ಮ ಹೊಸಕೋಟೆಯ ರೈತನಿಗೆ ಹೊಲವೂ ದನವೂ ಬದುಕು. ಅವುಗಳ ಕಾನೂನಿಗೆ ಯಾರು ಒಪ್ಪಿದರೆಂದು ಕೇಳುವ ಹಕ್ಕು ಅವನದು. ಎಣಿಕೆ ನಡೆದರೆ ಮಾತ್ರ ಉತ್ತರ ಸಿಕ್ಕೀತು.